ಪ್ಲಾಸ್ಮಾದಲ್ಲಿ ಪಾಲಿಮರ್ ಪದರ ಹಾಕುವಾಗ ಸಬ್‌ಸ್ಟ್ರೇಟ್ ತಣ್ಣಗಿಡುವುದು: ಎಷ್ಟು, ಹೇಗೆ, ಯಾವಾಗ ಬೇಡ

ಪ್ಲಾಸ್ಮಾ ಪಾಲಿಮರೀಕರಣ, ಅಂದರೆ ಆವಿಯನ್ನು ವಿದ್ಯುತ್ತಿನಿಂದ ಪ್ಲಾಸ್ಮಾ ಮಾಡಿ ಅದರಿಂದ ತೆಳು ಪಾಲಿಮರ್ ಪದರ ಬೆಳೆಸುವ ಕೆಲಸ, ಮಾಡುವವರ ಲ್ಯಾಬ್ ಪುಸ್ತಕ ತೆರೆದು ನೋಡಿ. ಎಷ್ಟು ವ್ಯಾಟ್, ಎಷ್ಟು ಒತ್ತಡ, ಎಷ್ಟು ನಿಮಿಷ, ಎಲ್ಲವೂ ನೀಟಾಗಿ ಇರುತ್ತದೆ. ಸಬ್‌ಸ್ಟ್ರೇಟ್ (ಪದರ ಬೆಳೆಯುವ ತಳದ ವಸ್ತು) ತಾಪಮಾನದ ಎದುರು ಮಾತ್ರ ‘ರೂಮ್ ಟೆಂಪರೇಚರ್’ ಅಂತ ಬರೆದಿರುತ್ತದೆ. ಪ್ಲಾಸ್ಮಾ ಹತ್ತಿಸಿ ಹತ್ತು ನಿಮಿಷ ಆದ ಮೇಲೆ ಆ ಮಾತು ನಿಜವಾಗಿ ಉಳಿದಿರುವುದಿಲ್ಲ. ಚಿಲ್ಲರ್ (ತಟ್ಟೆಗೆ ತಣ್ಣೀರು ಹರಿಸುವ ಯಂತ್ರ) ಇದ್ದವರದ್ದೂ ಇದೇ ಕಥೆ. ಚಿಲ್ಲರ್ ಪರದೆ 5 ಡಿಗ್ರಿ ತೋರಿಸುತ್ತಿದ್ದರೆ ಸ್ಯಾಂಪಲ್ ಕೂಡ 5 ಡಿಗ್ರಿಯಲ್ಲೇ ಇದೆ ಅಂದುಕೊಳ್ಳುತ್ತಾರೆ. ಅದು ನೀರಿನ ತಾಪ, ಫಿಲ್ಮ್‌ನದ್ದಲ್ಲ.

ಈ ಬರಹದಲ್ಲಿ ಉದಾಹರಣೆಗೆ ಅಕ್ರಿಲಿಕ್ ಆಸಿಡ್ ಇಟ್ಟುಕೊಳ್ಳುತ್ತೇನೆ. ಕಡಿಮೆ ಒತ್ತಡ, 13.56 ಮೆಗಾಹರ್ಟ್ಸ್ ಆರ್‌ಎಫ್ (ರೇಡಿಯೋ ಆವರ್ತನದ ವಿದ್ಯುತ್), ಎದುರುಬದುರು ಎರಡು ತಟ್ಟೆ, ಒಂದರ ಮೇಲೆ ಸ್ಯಾಂಪಲ್. ಜೀವಕೋಶ ಹಿಡಿದುಕೊಳ್ಳುವಂಥ, ಕಾರ್ಬಾಕ್ಸಿಲ್ ಗುಂಪು ಇರುವ ಮೇಲ್ಮೈ ಬೇಕಾದವರು ಹೆಚ್ಚಾಗಿ ಹಾಕುವ ಪದರ ಇದು. ಬೇರೆ ಮಾನೋಮರ್ (ಪದರ ಕಟ್ಟುವ ಮೂಲ ಅಣು) ಬಳಸುವವರಿಗೂ ದಾರಿ ಇದೇ, ಅಂಕಿ ಮಾತ್ರ ಬದಲಾಗುತ್ತದೆ.

ಮೊದಲು ಕೇಳಿಕೊಳ್ಳಿ: ತಣ್ಣಗೆ ಮಾಡಲೇಬೇಕಾ?

ಎಲ್ಲರಿಗೂ ಬೇಕಾಗಿಲ್ಲ. ತುಕ್ಕು ತಡೆಯುವ ಪದರ, ಆಮ್ಲಜನಕ ಅಥವಾ ನೀರಿನ ಆವಿ ತಡೆಯುವ ಪದರ, ಗೀರು ಬೀಳದ ಪದರ ಬೇಕಾದರೆ ತಣ್ಣಗೆ ಮಾಡುವುದು ನಿಮಗೇ ನಷ್ಟ. ಬಿಸಿ ಮೇಲ್ಮೈಯಲ್ಲಿ ಬೆಳೆದ ಪದರ ಒತ್ತಾಗಿ, ಜಾಸ್ತಿ ಹೆಣೆದುಕೊಂಡು, ಗಟ್ಟಿಯಾಗಿ ಬರುತ್ತದೆ. ಅಂಥವರು ಸಬ್‌ಸ್ಟ್ರೇಟ್ ತಡೆದುಕೊಳ್ಳುವಷ್ಟು ಬಿಸಿ ಮಾಡುವುದೇ ಸರಿ.

ತಣ್ಣಗಿಡುವ ಕಾರಣ ಎರಡು. ಒಂದು, ಸಬ್‌ಸ್ಟ್ರೇಟ್ ಕಾಪಾಡುವುದು. ಪ್ಲಾಸ್ಟಿಕ್‌ಗಳಲ್ಲಿ ಪಿಎಲ್‌ಎ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಪಿಸಿಎಲ್ ಅಷ್ಟೇ ತಾಪಕ್ಕೆ ಕರಗಿಯೇ ಹೋಗುತ್ತದೆ, ಪಿಇಟಿ 70-80ಕ್ಕೆ ಸಡಿಲವಾಗುತ್ತದೆ. ಎರಡನೆಯದು ಹೆಚ್ಚು ಸ್ವಾರಸ್ಯದ್ದು: ಮಾನೋಮರ್‌ನ ಗುಣವನ್ನು ಪದರದಲ್ಲಿ ಉಳಿಸಿಕೊಳ್ಳುವುದು. 1990ರ ದಶಕದ ಶುರುವಿನಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲೋಪೆಜ್ ಮತ್ತು ರ‍್ಯಾಟ್ನರ್ ಇದನ್ನೇ ತೋರಿಸಿದರು. ಸಬ್‌ಸ್ಟ್ರೇಟ್ ತಣ್ಣಗಾದಷ್ಟೂ ಮೂಲ ಅಣುವಿನ ಆಮ್ಲಜನಕ ಇರುವ ಗುಂಪುಗಳು ಪದರದಲ್ಲಿ ಹೆಚ್ಚಾಗಿ ಉಳಿಯುತ್ತವೆ.

ಮೇಲ್ಮೈಯಲ್ಲಿ ನಡೆಯುವುದೇನು

ಪ್ಲಾಸ್ಮಾದಲ್ಲಿ ಒಡೆದ ತುಣುಕುಗಳೂ ಒಡೆಯದ ಮಾನೋಮರ್ ಅಣುಗಳೂ ಮೇಲ್ಮೈಗೆ ಬಂದು ಬೀಳುತ್ತಿರುತ್ತವೆ. ಬಿದ್ದದ್ದೆಲ್ಲ ಅಂಟಿಕೊಳ್ಳುವುದಿಲ್ಲ. ಸ್ವಲ್ಪ ಹೊತ್ತು ಕೂತು, ಅಷ್ಟರೊಳಗೆ ಪಕ್ಕದಲ್ಲೊಂದು, ಬಂಧಕ್ಕೆ ಕಾದಿರುವ ಒಂಟಿ ಎಲೆಕ್ಟ್ರಾನಿನ, ರ‍್ಯಾಡಿಕಲ್ ಸಿಕ್ಕಿದರೆ ಬಂಧ ಕಟ್ಟಿಕೊಳ್ಳುತ್ತದೆ. ಸಿಗದಿದ್ದರೆ ಮತ್ತೆ ಹಾರಿಹೋಗುತ್ತದೆ. ತಾಪಮಾನ ನಿರ್ಧರಿಸುವುದು ಈ ‘ಸ್ವಲ್ಪ ಹೊತ್ತ’ನ್ನು.

ಒಂದು ಲೆಕ್ಕ ಹಾಕಿ ನೋಡೋಣ. ಅಣು ಮೇಲ್ಮೈಗೆ ಅಂಟಿರುವ ಶಕ್ತಿ ಮೋಲ್‌ಗೆ 60 ಕಿಲೋಜೂಲ್ ಅಂತ ಇಟ್ಟುಕೊಳ್ಳಿ. 57 ಡಿಗ್ರಿಯಲ್ಲಿ ಅದು ಕೂತಿರುವ ಹೊತ್ತು ಸುಮಾರು 0.0003 ಸೆಕೆಂಡ್. 27 ಡಿಗ್ರಿಗೆ ಇಳಿಸಿದರೆ 0.003. ಮೈನಸ್ 3ಕ್ಕೆ ಇಳಿಸಿದರೆ 0.04 ಸೆಕೆಂಡ್. ಅಂದರೆ ಪ್ರತಿ 30 ಡಿಗ್ರಿಗೆ ಹತ್ತು ಪಟ್ಟಿನ ಆಸುಪಾಸು. ವ್ಯಾಟ್ ಗುಂಡಿಯನ್ನು ಎಷ್ಟು ತಿರುಗಿಸಿದರೂ ಇಂಥ ಬದಲಾವಣೆ ಸಿಗುವುದಿಲ್ಲ.

ಇದರಿಂದಲೇ ಹೊಸಬರಿಗೆ ತಲೆಕೆಳಗಾಗಿ ಕಾಣುವ ಒಂದು ಸಂಗತಿ ಬರುತ್ತದೆ. ಸಾಮಾನ್ಯ ರಾಸಾಯನಿಕ ಕ್ರಿಯೆ ಬಿಸಿಯಾದರೆ ಜೋರಾಗುತ್ತದೆ, ಅಲ್ವಾ? ಇಲ್ಲಿ ಬಿಸಿಯಾದರೆ ಪದರ ಬೆಳೆಯುವ ವೇಗ ಇಳಿಯುತ್ತದೆ. ವೇಗದ ಲಾಗರಿದಮ್ ಅನ್ನು ತಾಪದ ವಿಲೋಮದ ಎದುರು ಗೆರೆ ಎಳೆದರೆ ಸಕ್ರಿಯಣ ಶಕ್ತಿ ಮೈನಸ್‌ನಲ್ಲಿ ಬರುತ್ತದೆ. ಅದನ್ನು ನೋಡಿ ಉಪಕರಣ ಕೆಟ್ಟಿದೆ ಅಂದುಕೊಳ್ಳಬೇಡಿ.

ಹೆಚ್ಚು ಹೊತ್ತು ಕೂತ ಅಣುಗಳಲ್ಲಿ ಒಡೆಯದ ಮಾನೋಮರ್‌ನ ಪಾಲು ಜಾಸ್ತಿ. ಅದಕ್ಕೇ ಗುಂಪುಗಳು ಉಳಿಯುತ್ತವೆ. ಅದೇ ಕಾರಣಕ್ಕೆ ಪದರ ಸಡಿಲವಾಗಿ, ಒಳಗೆ ಅರೆಬರೆ ಕೂಡಿಕೊಂಡ ಸಣ್ಣ ತುಂಡುಗಳನ್ನು ಹಿಡಿದಿಟ್ಟುಕೊಂಡು ಬೆಳೆಯುತ್ತದೆ. ಒಂದು ಸಿಗಬೇಕಾದರೆ ಇನ್ನೊಂದನ್ನು ಸ್ವಲ್ಪ ಬಿಡಬೇಕು. ಮುಂದಿನ ಹಂತಗಳೆಲ್ಲ ಈ ಚೌಕಾಸಿಯೇ.

ಹಂತ 1: ಎಲ್ಲಿಯವರೆಗೆ ಇಳಿಯಬಹುದು ಅಂತ ಮೊದಲೇ ಲೆಕ್ಕ ಹಾಕಿ

ಕೆಳಗೆ ಎರಡು ಗೆರೆಗಳಿವೆ. ಎರಡನ್ನೂ ದಾಟಬಾರದು.

ಮೊದಲ ಗೆರೆ ಮಾನೋಮರ್‌ನದ್ದು. ಸಬ್‌ಸ್ಟ್ರೇಟ್ ತಾಪದಲ್ಲಿ ಮಾನೋಮರ್‌ನ ಆವಿ ಒತ್ತಡವು ಚೇಂಬರ್‌ನಲ್ಲಿ ನೀವು ಇಟ್ಟಿರುವ ಒತ್ತಡಕ್ಕಿಂತ ಕೆಳಗಿಳಿದರೆ ಆವಿ ನೇರವಾಗಿ ಮೇಲ್ಮೈ ಮೇಲೆ ಇಳಿಯುತ್ತದೆ. ಆಮೇಲೆ ನೀವು ಹಾಕುತ್ತಿರುವುದು ಪದರ ಅಲ್ಲ, ಒದ್ದೆ ಮಾನೋಮರ್‌ನ ಮೇಲೊಂದು ತೊಗಲು. ಅಕ್ರಿಲಿಕ್ ಆಸಿಡ್‌ನ ಆವಿ ಒತ್ತಡ 20 ಡಿಗ್ರಿಯಲ್ಲಿ ಸುಮಾರು 400 ಪಾಸ್ಕಲ್. ಇಂಥ ಅಣುಗಳಿಗೆ ಪ್ರತಿ 10 ಡಿಗ್ರಿ ಇಳಿದರೆ ಆವಿ ಒತ್ತಡ ಹೆಚ್ಚೂಕಡಿಮೆ ಅರ್ಧ ಆಗುತ್ತದೆ. ಹಾಗೆ ಇಳಿಸುತ್ತಾ ಹೋಗಿ: 0 ಡಿಗ್ರಿಗೆ 100, ಮೈನಸ್ 20ಕ್ಕೆ 25 ಪಾಸ್ಕಲ್. ಚೇಂಬರ್‌ನಲ್ಲಿ 20 ಪಾಸ್ಕಲ್ ಇಟ್ಟಿದ್ದರೆ ಮೈನಸ್ 20 ಅಂದರೆ ಅಂಚಿನ ಮೇಲೆ ನಿಂತ ಹಾಗೆ. ಅದರಲ್ಲೂ ಈ ಆಸಿಡ್ 13-14 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಗಟ್ಟಿಯಾದ ಮೇಲೆ ಆವಿ ಒತ್ತಡ ಈ ಲೆಕ್ಕಕ್ಕಿಂತ ಬೇಗ ಇಳಿಯುತ್ತದೆ. ಹಾಗಾಗಿ 10ರಿಂದ 15 ಡಿಗ್ರಿ ಅಂತರ ಬಿಡಿ. 20 ಪಾಸ್ಕಲ್‌ಗೆ ಮೈನಸ್ 5ರಿಂದ ಮೈನಸ್ 10 ಸಾಕು.

ಹೋಲಿಕೆಗೆ ಎಚ್‌ಎಂಡಿಎಸ್‌ಒ ಎಂಬ, ಸಿಲಿಕಾನ್ ಇರುವ ಮಾನೋಮರ್ ನೋಡಿ. ಅದರ ಆವಿ ಒತ್ತಡ 20 ಡಿಗ್ರಿಯಲ್ಲಿ 4,000 ಪಾಸ್ಕಲ್ ದಾಟುತ್ತದೆ. ಮೈನಸ್ 40ಕ್ಕೆ ಇಳಿಸಿದರೂ ಅದು ತಾನಾಗಿ ಹನಿಗಟ್ಟುವುದಿಲ್ಲ. ಆದರೆ ಪ್ಲಾಸ್ಮಾದೊಳಗೆ ಎರಡು ಮೂರು ಅಣು ಕೂಡಿದ ಭಾರದ ತುಣುಕುಗಳು ಹುಟ್ಟುತ್ತವೆ. ಅವು ಮಾನೋಮರ್‌ಗಿಂತ ಮೊದಲೇ ಹನಿಗಟ್ಟುತ್ತವೆ. ಪುಸ್ತಕದ ಆವಿ ಒತ್ತಡ ನೋಡಿ ಧೈರ್ಯ ಮಾಡಿದವರಿಗೂ ಎಣ್ಣೆ ಎಣ್ಣೆಯಾದ ಪದರ ಸಿಗುವುದು ಇದರಿಂದಲೇ.

ಎರಡನೇ ಗೆರೆ ನೀರಿನದ್ದು. ಬರೀ ರೋಟರಿ ಪಂಪ್ ಇರುವ ಚೇಂಬರ್ 1 ಪಾಸ್ಕಲ್ ಹತ್ತಿರ ಬಂದು ನಿಂತಾಗ ಒಳಗೆ ಉಳಿದಿರುವುದು ಬಹುಪಾಲು ನೀರಿನ ಆವಿ. ಮಂಜುಗಡ್ಡೆಯ ಆವಿ ಒತ್ತಡ ಮೈನಸ್ 20ರಲ್ಲಿ 103 ಪಾಸ್ಕಲ್, ಮೈನಸ್ 40ರಲ್ಲಿ 13, ಮೈನಸ್ 60ರಲ್ಲಿ 1. ಅಂದರೆ ಮೈನಸ್ 60ರ ಕೆಳಗೆ ಹೋದರೆ ನಿಮ್ಮ ಸಬ್‌ಸ್ಟ್ರೇಟ್ ಮೇಲೆ ಮೊದಲು ಬೆಳೆಯುವುದು ಮಂಜು. ದ್ರವ ಸಾರಜನಕ ಹರಿಸಿ ಸ್ಟೇಜ್ (ಸ್ಯಾಂಪಲ್ ಇಡುವ ತಟ್ಟೆ) ತಣ್ಣಗೆ ಮಾಡುವವರು ಟರ್ಬೋ ಪಂಪ್ (ಇನ್ನೂ ಆಳದ ನಿರ್ವಾತ ಕೊಡುವ ಪಂಪ್) ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು.

ಹಂತ 2: ಸ್ಯಾಂಪಲ್ ಸ್ಟೇಜ್‌ಗೆ ತಾಗಿದೆಯಾ?

ಹೆಚ್ಚಿನ ಕೆಲಸ ಕೆಡುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಕಣ್ಣಿಗೆ ಗಾಜಿನ ಸ್ಲೈಡ್ ತಣ್ಣನೆಯ ತಟ್ಟೆಗೆ ಪೂರ್ತಿ ಅಂಟಿ ಕೂತ ಹಾಗೆ ಕಾಣುತ್ತದೆ. ನಿಜಕ್ಕೂ ತಾಗುವುದು ಕೆಲವೇ ಬಿಂದುಗಳಲ್ಲಿ. ಹೊರಗಿನ ಗಾಳಿಯಲ್ಲಾದರೆ ನಡುವಿನ ಸಂದಿಯಲ್ಲಿರುವ ಗಾಳಿಯೇ ಶಾಖ ಸಾಗಿಸಿಬಿಡುತ್ತದೆ. ನಿರ್ವಾತದಲ್ಲಿ ಆ ಗಾಳಿ ಇಲ್ಲ. ಈ ಒತ್ತಡದಲ್ಲಿ ಸಂದಿಯ ಅನಿಲ ಸಾಗಿಸುವ ಶಾಖ ಒಂದು ಚದರ ಮೀಟರ್‌ಗೆ, ಒಂದು ಡಿಗ್ರಿ ಅಂತರಕ್ಕೆ, ಪ್ರತಿ ಪಾಸ್ಕಲ್‌ಗೆ ಸುಮಾರು 1 ವ್ಯಾಟ್. 10 ಪಾಸ್ಕಲ್‌ಗೆ 10 ವ್ಯಾಟ್.

ಈಗ ಪ್ಲಾಸ್ಮಾದಿಂದ ಸ್ಯಾಂಪಲ್ ಮೇಲೆ ಚದರ ಸೆಂಟಿಮೀಟರ್‌ಗೆ 0.02 ವ್ಯಾಟ್ ಬೀಳುತ್ತಿದೆ ಅಂತ ಇಟ್ಟುಕೊಳ್ಳಿ. ಅದು ಮೆಲ್ಲನೆಯ ಪ್ಲಾಸ್ಮಾ. ಆಗಲೂ ಸುಮ್ನೆ ಇಟ್ಟ ಸ್ಲೈಡ್ ಸ್ಟೇಜ್‌ಗಿಂತ 20 ಡಿಗ್ರಿ ಹತ್ತಿರ ಬಿಸಿಯಾಗಬಹುದು. 0.1 ವ್ಯಾಟ್ ಬಿದ್ದರೆ ಅಂತರ 100 ಡಿಗ್ರಿವರೆಗೂ ಹೋಗಬಹುದು. ಗಾಜಿನ ಒಳಗೆ ಏಳುವ ಅಂತರ ಎಷ್ಟು ಗೊತ್ತಾ? ಒಂದು ಮಿಲಿಮೀಟರ್ ದಪ್ಪದ ಗಾಜಿಗೆ, ಅದೇ 0.1 ವ್ಯಾಟ್‌ಗೆ, ಸುಮಾರು 1 ಡಿಗ್ರಿ. ಅಂದರೆ ತಪ್ಪು ಗಾಜಿನದ್ದಲ್ಲ, ಸಂದಿಯದ್ದು. ಚಿಲ್ಲರ್ ಇನ್ನೂ ದೊಡ್ಡದು ತರಿಸುವ ಬದಲು ಸಂದಿ ತುಂಬಿಸಿ.

ಸಿಲಿಕಾನ್ ಮತ್ತು ಗಾಜಿನ ತುಂಡುಗಳಿಗೆ ನಿರ್ವಾತಕ್ಕೆ ಹೊಂದುವ ಗ್ರೀಸ್ ತೆಳುವಾಗಿ ಸವರಿ, ಒತ್ತಿ ಕೂರಿಸಿ. ಸಿಲಿಕೋನ್ ಗ್ರೀಸ್ ಬೇಡ. ಅದು ಮೇಲ್ಮೈ ಮೇಲೆ ಹರಿದಾಡುತ್ತದೆ, ಆಮೇಲೆ ಎಕ್ಸ್‌ಪಿಎಸ್‌ನಲ್ಲಿ (ಎಕ್ಸ್ ಕಿರಣದಿಂದ ಮೇಲ್ಮೈಯ ಧಾತುಗಳನ್ನು ಗುರುತಿಸುವ ಪರೀಕ್ಷೆ) ಸಿಲಿಕಾನ್ ಕಂಡಾಗ ಎಲ್ಲಿಂದ ಬಂತು ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಎಚ್‌ಎಂಡಿಎಸ್‌ಒ ಹಾಕುವವರಿಗಂತೂ ಪದರ ಯಾವುದು, ಕೊಳೆ ಯಾವುದು ಅಂತ ಬೇರ್ಪಡಿಸಲೇ ಆಗುವುದಿಲ್ಲ. ಅಪೀಜಾನ್ ಎನ್‌ನಂಥ ಹೈಡ್ರೋಕಾರ್ಬನ್ ಗ್ರೀಸ್ ಆಗಬಹುದು. ಇಂಡಿಯಂ ತಗಡು ಇನ್ನೂ ಶುಚಿ, ಆದರೆ ಜೇಬಿಗೆ ಭಾರ. ಯಾವುದೇ ಇರಲಿ, ಸ್ಯಾಂಪಲ್ ಅಂಚಿನಿಂದ ಹೊರಗೆ ಇಣುಕಬಾರದು. ಪ್ಲಾಸ್ಮಾ ತಾಗಿದರೆ ಅದೂ ಒಡೆದು ಪದರಕ್ಕೆ ಸೇರುತ್ತದೆ.

ಪಿಇಟಿಯಂಥ ಹಾಳೆಗೆ ಗ್ರೀಸ್ ಹಚ್ಚಲಾಗುವುದಿಲ್ಲ. ಸ್ವಲ್ಪ ಉಬ್ಬಿದ ಅಲ್ಯೂಮಿನಿಯಂ ದಿಮ್ಮಿ ಮಾಡಿಸಿ, ಹಾಳೆಯನ್ನು ಅದರ ಮೇಲೆ ಬಿಗಿಯಾಗಿ ಎಳೆದು ಚೌಕಟ್ಟಿನಿಂದ ಹಿಡಿಸಿ. ರೋಲ್‌ನಿಂದ ರೋಲ್‌ಗೆ ಹಾಳೆ ಹರಿಸುವ ದೊಡ್ಡ ಯಂತ್ರಗಳಲ್ಲಿ ತಣ್ಣನೆಯ ಉರುಳೆ ಮಾಡುವ ಕೆಲಸವೂ ಇದೇ. ಎಳೆತವೇ ಅಲ್ಲಿ ಸಂಪರ್ಕ ಕೊಡುತ್ತದೆ.

ಸ್ಯಾಂಪಲ್ ಅನ್ನು ಸಾಧ್ಯವಾದರೆ ಅರ್ಥ್ ಆದ ತಟ್ಟೆ ಮೇಲಿಡಿ. ಆರ್‌ಎಫ್ ಕೊಟ್ಟ ತಟ್ಟೆ ಮೇಲೆ ಅಯಾನುಗಳು ಜೋರಾಗಿ ಬಡಿಯುತ್ತವೆ, ಶಾಖವೂ ಜಾಸ್ತಿ, ಗುಂಪುಗಳೂ ಹಾಳು. ಆ ತಟ್ಟೆಯನ್ನೇ ತಣ್ಣಗೆ ಮಾಡಬೇಕಾದರೆ ಡಿಅಯನೈಸ್ಡ್ ನೀರು ಮತ್ತು ಉದ್ದನೆಯ ಪ್ಲಾಸ್ಟಿಕ್ ಪೈಪ್ ಬೇಕು. ನಲ್ಲಿ ನೀರು ಹರಿಸಿದರೆ ಆರ್‌ಎಫ್ ನೀರಿನ ಜೊತೆಗೇ ಚಿಲ್ಲರ್‌ವರೆಗೆ ಹೋಗುತ್ತದೆ. ಶೂನ್ಯದ ಕೆಳಗೆ ಹೋಗಲು ಅರ್ಧಕ್ಕರ್ಧ ಗ್ಲೈಕಾಲ್ ಬೆರೆಸಿದ ನೀರು ಮೈನಸ್ 30ರವರೆಗೆ ಸಾಕು, ಆದರೆ ಅದನ್ನು ಅರ್ಥ್ ಆದ ತಟ್ಟೆಗೇ ಇಟ್ಟುಕೊಳ್ಳಿ.

ಹಂತ 3: ಸ್ಯಾಂಪಲ್‌ನ ತಾಪ ಅಳೆಯಿರಿ

ಥರ್ಮೋಕಪಲ್ ಆರ್‌ಎಫ್‌ನಲ್ಲಿ ಸುಳ್ಳು ಹೇಳುತ್ತದೆ. ಪ್ಲಾಸ್ಮಾ ಹತ್ತಿದ ತಕ್ಷಣ ಓದು 40 ಡಿಗ್ರಿ ಹಾರಿ, ಆರಿಸಿದ ತಕ್ಷಣ ಅಷ್ಟೇ ಇಳಿದರೆ ಅದು ತಾಪ ಅಲ್ಲ, ಗದ್ದಲ. ಆರಿಸಿದ ಒಂದೆರಡು ಸೆಕೆಂಡ್ ನಂತರದ ಓದನ್ನು ಬರೆದುಕೊಳ್ಳಿ. ಅದು ಬಹುಮಟ್ಟಿಗೆ ನಿಜ. ದುಡ್ಡಿದ್ದವರಿಗೆ ಫೈಬರ್ ಆಪ್ಟಿಕ್ ತಾಪಮಾಪಕ ಇದೆ, ಆರ್‌ಎಫ್ ಅದಕ್ಕೆ ತಾಗುವುದಿಲ್ಲ. ಇನ್ಫ್ರಾರೆಡ್ ಕ್ಯಾಮೆರಾ ತಂದು ಗಾಜಿನ ಕಿಟಕಿಯಿಂದ ನೋಡಿದರೆ ಗಾಜಿನ ತಾಪ ಸಿಗುತ್ತದೆ, ಅಷ್ಟೇ. ಜಿಂಕ್ ಸೆಲೆನೈಡ್ ಅಥವಾ ಜರ್ಮೇನಿಯಂ ಕಿಟಕಿ ಬೇಕು.

ಅಗ್ಗದ ದಾರಿಯೂ ಇದೆ. ತಾಪ ಮುಟ್ಟಿದರೆ ಬಣ್ಣ ಬದಲಾಗಿ ಹಾಗೇ ಉಳಿಯುವ ಚೀಟಿಗಳು ಸಿಗುತ್ತವೆ. ಒಂದನ್ನು ಹಳೆಯ ಸ್ಲೈಡ್‌ನ ಅಡಿಗೆ ಅಂಟಿಸಿ, ಮಾನೋಮರ್ ಬದಲು ಆರ್ಗಾನ್ ಬಿಟ್ಟು, ಅದೇ ವ್ಯಾಟ್‌ನಲ್ಲಿ ಅಷ್ಟೇ ಹೊತ್ತು ಓಡಿಸಿ ನೋಡಿ. ಶೂನ್ಯದ ಕೆಳಗಿನ ಕೆಲಸಕ್ಕೆ ಇದು ಬರುವುದಿಲ್ಲ, ಆದರೆ ಸಂಪರ್ಕ ಚೆನ್ನಾಗಿದೆಯಾ ಅಂತ ತಿಳಿಯಲು ಸಾಕು.

ಇನ್ನೊಂದು ಮಾತು. ದಪ್ಪ ನೋಡಲು ಕ್ವಾರ್ಟ್ಜ್ ಹರಳಿನ ಮಾನಿಟರ್ ಇಟ್ಟಿದ್ದರೆ, ಅದರ ತಲೆಗೆ ಬೇರೆಯದೇ ನೀರು ಹರಿಯುತ್ತಿರುತ್ತದೆ. ಹರಳು 20 ಡಿಗ್ರಿಯಲ್ಲಿ, ಸ್ಯಾಂಪಲ್ ಮೈನಸ್ 5ರಲ್ಲಿ ಇದ್ದರೆ ಎರಡರ ಮೇಲೂ ಒಂದೇ ವೇಗದಲ್ಲಿ ಪದರ ಬೆಳೆಯುವುದಿಲ್ಲ. ಮಾನಿಟರ್ ಹೇಳಿದ ದಪ್ಪವನ್ನು ಹಾಗೇ ನಂಬಬೇಡಿ.

ಹಂತ 4: ಮಾನೋಮರ್ ತಯಾರಿ

ಬಾಟಲಿಯ ಅಕ್ರಿಲಿಕ್ ಆಸಿಡ್‌ಗೆ ತಾನಾಗಿ ಪಾಲಿಮರ್ ಆಗದಂತೆ ತಡೆಯುವ ವಸ್ತು ಹಾಕಿರುತ್ತಾರೆ. ಅದು ಕೆಲಸ ಮಾಡಲು ದ್ರವದಲ್ಲಿ ಕರಗಿದ ಆಮ್ಲಜನಕ ಬೇಕು. ನಾವು ಹೆಪ್ಪುಗಟ್ಟಿಸಿ, ಪಂಪ್ ಮಾಡಿ, ಕರಗಿಸಿ ಗಾಳಿ ತೆಗೆಯುತ್ತೇವಲ್ಲ, ಆಗ ಆ ಆಮ್ಲಜನಕವೂ ಹೋಗುತ್ತದೆ. ಹಾಗಾಗಿ ಆ ದಿನಕ್ಕೆ ಬೇಕಾದಷ್ಟೇ, ಕೆಲವು ಮಿಲಿಲೀಟರ್, ಬೇರೆ ಫ್ಲಾಸ್ಕ್‌ಗೆ ಹಾಕಿ ಗಾಳಿ ತೆಗೆಯಿರಿ. ಉಳಿದದ್ದನ್ನು ಮೂಲ ಬಾಟಲಿಗೆ ವಾಪಸ್ ಸುರಿಯಬೇಡಿ. ಕರಗಿಸಲು ಕೋಣೆಯ ತಾಪದ ನೀರು ಸಾಕು, ಹೀಟ್ ಗನ್ ಬೇಡವೇ ಬೇಡ. ಪಂಪ್‌ನ ಹೊಗೆ ಫ್ಯೂಮ್ ಹುಡ್‌ಗೆ ಹೋಗಲಿ.

ಹಂತ 5: ಮೊದಲು ಪಂಪ್, ಆಮೇಲೆ ತಂಪು

ಸ್ಟೇಜ್ ಬೆಚ್ಚಗಿರುವಾಗಲೇ ಪಂಪ್ ಶುರು ಮಾಡಿ. ಒತ್ತಡ ಇಳಿದು ನಿಂತ ಮೇಲೂ ಅರ್ಧ ಗಂಟೆ ಬಿಡಿ, ಗೋಡೆಯ ನೀರು ಹೊರಗೆ ಹೋಗಲಿ. ಆಮೇಲೆ ಪಂಪ್ ಮುಂದಿನ ಕೋಲ್ಡ್ ಟ್ರ್ಯಾಪ್ ತಣ್ಣಗೆ ಮಾಡಿ. ಸ್ಟೇಜ್ ಕೊನೆಗೆ. ಒಳಗೆ ಅತಿ ತಣ್ಣನೆಯ ಜಾಗ ಯಾವುದೋ ನೀರು ಅಲ್ಲಿಗೇ ಹೋಗುತ್ತದೆ. ಆ ಜಾಗ ಟ್ರ್ಯಾಪ್ ಆಗಿರಲಿ, ನಿಮ್ಮ ಸ್ಯಾಂಪಲ್ ಅಲ್ಲ.

ಟ್ರ್ಯಾಪ್‌ಗೆ ದ್ರವ ಸಾರಜನಕ ಬಳಸುವವರಿಗೆ ಒಂದು ಎಚ್ಚರಿಕೆ. ಅದು ಮೈನಸ್ 196, ಆಮ್ಲಜನಕ ದ್ರವವಾಗುವುದು ಮೈನಸ್ 183ಕ್ಕೆ. ಎಲ್ಲೋ ಸೋರಿಕೆ ಇದ್ದು ಗಾಳಿ ಒಳಬರುತ್ತಿದ್ದರೆ ಟ್ರ್ಯಾಪ್‌ನಲ್ಲಿ ದ್ರವ ಆಮ್ಲಜನಕ ಸೇರುತ್ತದೆ. ಅದರ ಜೊತೆ ಹೆಪ್ಪುಗಟ್ಟಿದ ಮಾನೋಮರ್ ಇದ್ದರೆ ಅದು ಸಿಡಿಮದ್ದೇ. ಟ್ರ್ಯಾಪ್‌ನಲ್ಲಿ ತಿಳಿ ನೀಲಿ ದ್ರವ ಕಂಡರೆ ಮುಚ್ಚಲು ಹೋಗಬೇಡಿ, ಜನರನ್ನು ದೂರ ಕಳಿಸಿ, ಸುರಕ್ಷತೆ ನೋಡಿಕೊಳ್ಳುವವರನ್ನು ಕರೆಯಿರಿ. ಸಣ್ಣ ಕೋಣೆಯಲ್ಲಿ ಸಾರಜನಕ ಆವಿಯಾದರೆ ಉಸಿರಾಡುವ ಗಾಳಿಯೂ ಕಮ್ಮಿಯಾಗುತ್ತದೆ, ಕಿಟಕಿ ತೆರೆದಿರಲಿ.

ಹಂತ 6: ಜೋಡಿ ಸ್ಯಾಂಪಲ್ ಇಟ್ಟು ಪದರ ಹಾಕಿ

ಶಕ್ತಿ ಎಷ್ಟು ಕೊಡಬೇಕು ಅನ್ನುವುದಕ್ಕೆ ಯಸುದಾ ಅಳತೆ ಬಳಸಿ: ವ್ಯಾಟ್ ಅನ್ನು ಹರಿವು ಮತ್ತು ಅಣುತೂಕದಿಂದ ಭಾಗಿಸಿ. ಹರಿವು ಎಸ್‌ಸಿಸಿಎಂನಲ್ಲಿದ್ದರೆ (ನಿಮಿಷಕ್ಕೆ ಎಷ್ಟು ಘನ ಸೆಂಟಿಮೀಟರ್ ಅನಿಲ ಅನ್ನುವ ಅಳತೆ) ಬಂದ ಉತ್ತರವನ್ನು 1,340ರಿಂದ ಗುಣಿಸಿದರೆ ಕೆಜಿಗೆ ಎಷ್ಟು ಮೆಗಾಜೂಲ್ ಅಂತ ಸಿಗುತ್ತದೆ. 20 ವ್ಯಾಟ್, 10 ಎಸ್‌ಸಿಸಿಎಂ, ಅಣುತೂಕ 72: ಸುಮಾರು 37 ಮೆಗಾಜೂಲ್. ತಾಪದ ಪರಿಣಾಮ ಹುಡುಕುವಾಗ ಈ ಅಂಕಿಯನ್ನು ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೇ ಗೊತ್ತು.

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಉಪಯೋಗದ ಉಪಾಯ ಇದು: ಒಂದೇ ಸಲಕ್ಕೆ ಎರಡು ಸಿಲಿಕಾನ್ ತುಂಡು ಇಡಿ. ಒಂದನ್ನು ಗ್ರೀಸ್ ಹಚ್ಚಿ ಸ್ಟೇಜ್‌ಗೆ ಅಂಟಿಸಿ. ಇನ್ನೊಂದನ್ನು ಪಕ್ಕದಲ್ಲೇ ಎರಡು ಸಣ್ಣ ಗಾಜಿನ ಚೂರುಗಳ ಮೇಲೆ ಎತ್ತಿಡಿ. ಪ್ಲಾಸ್ಮಾ ಒಂದೇ, ಹರಿವು ಒಂದೇ, ಹೊತ್ತು ಒಂದೇ. ಬೇರೆಯಾಗಿರುವುದು ತಾಪ ಮಾತ್ರ. ನಿನ್ನೆಯ ಪದರವನ್ನೂ ಇವತ್ತಿನ ಪದರವನ್ನೂ ಹೋಲಿಸುವಾಗ ಬರುವ ಅನುಮಾನಗಳು ಇಲ್ಲಿ ಬರುವುದಿಲ್ಲ. ಎರಡರಲ್ಲೂ ದಪ್ಪ ಒಂದೇ ಬಂದರೆ ನಿಮ್ಮ ‘ಅಂಟಿಸಿದ’ ತುಂಡು ನಿಜಕ್ಕೂ ಅಂಟಿರಲಿಲ್ಲ ಅಂತ ಅನುಮಾನಿಸಿ. ದಪ್ಪ ಅಳೆಯಲು ಎರಡರ ಮೇಲೂ ಒಂದು ಮೂಲೆಗೆ ಕ್ಯಾಪ್ಟಾನ್ ಟೇಪ್ ಹಚ್ಚಲು ಮರೆಯಬೇಡಿ.

ಹಂತ 7: ಆರಿಸುವ ಕ್ರಮ

ಕೋಣೆಯ ತಾಪದಲ್ಲಿ ಕೆಲಸ ಮಾಡುವವರಿಗೆ ಒಂದು ಅಭ್ಯಾಸ ಇದೆ. ಪ್ಲಾಸ್ಮಾ ಆರಿಸಿದ ಮೇಲೂ ಕೆಲವು ನಿಮಿಷ ಮಾನೋಮರ್ ಹರಿಯಲು ಬಿಡುತ್ತಾರೆ, ಉಳಿದ ರ‍್ಯಾಡಿಕಲ್‌ಗಳು ಅದರ ಜೊತೆ ಕೂಡಿ ಶಾಂತವಾಗಲಿ ಅಂತ. ತಣ್ಣನೆಯ ಸ್ಟೇಜ್ ಮೇಲೆ ಹೀಗೆ ಮಾಡಿದರೆ ಮಾನೋಮರ್ ಹೋಗಿ ಪದರದೊಳಗೆ ಕೂರುತ್ತದೆ. ಹಾಗಾಗಿ ಪ್ಲಾಸ್ಮಾ ಆರಿದ ತಕ್ಷಣ ಮಾನೋಮರ್ ವಾಲ್ವ್ ಮುಚ್ಚಿ, ಪಂಪ್ ಓಡುತ್ತಿರಲಿ, ಸ್ಟೇಜ್ ನಿಧಾನಕ್ಕೆ ಬೆಚ್ಚಗಾಗಲಿ.

ಬೆಚ್ಚಗಾಗುವಾಗ ಒತ್ತಡದ ಗೇಜ್ ಮೇಲೆ ಕಣ್ಣಿಡಿ. ಒಂದು ಹಂತದಲ್ಲಿ ಒತ್ತಡ ಏರಿ ಮತ್ತೆ ಇಳಿದರೆ ಸ್ಟೇಜ್ ಮೇಲೆ ಏನೋ ಸಿಕ್ಕಿಹಾಕಿಕೊಂಡಿದ್ದದ್ದು ಈಗ ಹಾರಿಹೋಗುತ್ತಿದೆ ಅಂತ ಅರ್ಥ. ಎಷ್ಟು ಡಿಗ್ರಿಗೆ ಏರಿತು ಅಂತ ಬರೆದುಕೊಳ್ಳಿ, ಮುಂದಿನ ಸಲ ಅದಕ್ಕಿಂತ ಮೇಲೆ ಕೆಲಸ ಮಾಡಿ. ಯಾವ ದುಬಾರಿ ಯಂತ್ರವೂ ಇಲ್ಲದೆ ಸಿಗುವ ಮಾಹಿತಿ ಇದು.

ಸ್ಟೇಜ್ ಕೋಣೆಯ ತಾಪಕ್ಕೆ ಬರುವವರೆಗೆ ಚೇಂಬರ್‌ಗೆ ಗಾಳಿ ಬಿಡಬೇಡಿ. ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುವ ಹಾಗೆ ಸ್ಯಾಂಪಲ್ ಬೆವರುತ್ತದೆ, ಅಕ್ರಿಲಿಕ್ ಪದರ ಆ ನೀರನ್ನು ಕುಡಿದು ಉಬ್ಬುತ್ತದೆ. ಮಳೆಗಾಲದ ಬೆಂಗಳೂರಿನಲ್ಲಿ ಇಬ್ಬನಿ ಕಟ್ಟುವ ತಾಪ 20 ಡಿಗ್ರಿ ಆಸುಪಾಸು, ಮಂಗಳೂರಿನಲ್ಲಿ ಇನ್ನೂ ನಾಲ್ಕೈದು ಡಿಗ್ರಿ ಮೇಲೆ. ಮಂಗಳೂರಿನವರು 22 ಡಿಗ್ರಿಗೆ ಬಂತಲ್ಲ ಅಂತ ತೆರೆದರೂ ಒದ್ದೆಯಾಗುತ್ತದೆ. ಒಣ ಸಾರಜನಕ ಬಿಟ್ಟು ತೆರೆಯುವುದು ಒಳ್ಳೆಯದು.

ಹಂತ 8: ಏನು ಸಿಕ್ಕಿತು ನೋಡಿ

ಮೊದಲು ಬರಿಗಣ್ಣು. ಮಂಜು ಮಂಜಾಗಿದೆಯಾ, ಬೆರಳ ತುದಿಯಷ್ಟು ಜಾಗದಲ್ಲಿ ಹನಿ ಗುರುತುಗಳಿವೆಯಾ, ಅಂಚಿನಲ್ಲಿ ಸುಕ್ಕು ಬಿದ್ದಿದೆಯಾ? ಹನಿ ಗುರುತು ಅಂದರೆ ತೀರಾ ತಣ್ಣಗಾಗಿತ್ತು. ಸುಕ್ಕು ಅಂದರೆ ಬೆಚ್ಚಗಾಗುವಾಗ ಅಡಿಯಿಂದ ಆವಿ ಹೊರಟಿದೆ, ಅಥವಾ ಪದರ ತಳಕ್ಕೆ ಸರಿಯಾಗಿ ಹಿಡಿದಿಲ್ಲ.

ಆಮೇಲೆ ಎಫ್‌ಟಿಐಆರ್, ಅಂದರೆ ಇನ್ಫ್ರಾರೆಡ್ ಬೆಳಕಿನಿಂದ ಬಂಧಗಳನ್ನು ಗುರುತಿಸುವ ಅಳತೆ (ಅಂಕಿಗಳು ಪ್ರತಿ ಸೆಂಟಿಮೀಟರ್‌ಗೆ). ಅಕ್ರಿಲಿಕ್ ಪದರದಲ್ಲಿ 1,710 ಹತ್ತಿರದ ಶೃಂಗ ಚೂಪಾಗಿದ್ದು, 2,500ರಿಂದ 3,300ರವರೆಗೆ ಅಗಲವಾದ ದಿಬ್ಬ ಇದ್ದರೆ ಆಸಿಡ್ ಗುಂಪುಗಳು ಉಳಿದಿವೆ. ಆದರೆ 1,635ರ ಸುತ್ತ ಜೋಡಿಬಂಧದ ಶೃಂಗವೂ ಕಂಡರೆ ಹುಷಾರು, ಅದು ಪಾಲಿಮರ್ ಆಗದೆ ಉಳಿದ ಮಾನೋಮರ್ ಇರಬಹುದು. ಗುಂಪು ಉಳಿದಿದೆ ಅಂತ ಖುಷಿಪಡುವ ಮೊದಲು ಇದನ್ನು ನೋಡಿ. ಎಕ್ಸ್‌ಪಿಎಸ್ ಸಿಕ್ಕಿದರೆ ಇಂಗಾಲದ ಶೃಂಗದಲ್ಲಿ 289 ಎಲೆಕ್ಟ್ರಾನ್ ವೋಲ್ಟ್ ಹತ್ತಿರದ ಪಾಲು ನೋಡಿ. ಒಂದೂ ಗುಂಪು ಹಾಳಾಗದಿದ್ದರೆ ಅದು ಮೂರರಲ್ಲೊಂದು ಇರಬೇಕು, ಯಾಕೆಂದರೆ ಅಣುವಿನ ಮೂರು ಇಂಗಾಲದಲ್ಲಿ ಒಂದು ಕಾರ್ಬಾಕ್ಸಿಲ್‌ನದ್ದು. ಸ್ವಂತ ಯಂತ್ರ ಇಲ್ಲದ ಕಾಲೇಜುಗಳಿಗೆ ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಹೊರಗಿನವರಿಗೂ ಅಳತೆ ಮಾಡಿಕೊಡುವ ಸೌಲಭ್ಯ ಇದೆ.

ಕೊನೆಯದು, ನಾನು ಯಾವತ್ತೂ ಬಿಡದ ಪರೀಕ್ಷೆ: ನೀರಲ್ಲಿ ನೆನೆಸುವುದು. ದಪ್ಪ ಅಳೆದು, ಒಂದು ದಿನ ನೀರಲ್ಲಿಟ್ಟು, ಒಣಗಿಸಿ, ಮತ್ತೆ ಅಳೆಯಿರಿ. ಜೋಡಿಯ ಎರಡೂ ತುಂಡುಗಳಿಗೆ ಮಾಡಿ. ತಣ್ಣನೆಯ ತುಂಡಿನ ಪದರ ಅರ್ಧಕ್ಕರ್ಧ ಕರಗಿಹೋಗಿ, ಬೆಚ್ಚಗಿನದು ಹಾಗೇ ಉಳಿದಿದ್ದರೆ ತಾಪ 10 ಡಿಗ್ರಿ ಏರಿಸಿ ಮತ್ತೊಮ್ಮೆ ಹಾಕಿ. ಅದಕ್ಕೂ ನಿಲ್ಲದಿದ್ದರೆ ತಳಕ್ಕೆ ಮೊದಲು ಕೋಣೆಯ ತಾಪದಲ್ಲಿ, ಜಾಸ್ತಿ ವ್ಯಾಟ್‌ನಲ್ಲಿ ಕೆಲವು ನ್ಯಾನೋಮೀಟರ್ ಗಟ್ಟಿ ಪದರ ಹಾಕಿ. ಅದರ ಮೇಲೆ ತಣ್ಣಗೆ, ಮೆಲ್ಲಗೆ ನಿಮಗೆ ಬೇಕಾದ ಪದರ ಹಾಕಿ. ನೆನೆಸಿದ ಮೇಲೂ 1,710ರ ಶೃಂಗ ಉಳಿದಿದ್ದರೆ ಮಾತ್ರ ಆ ತಾಪವನ್ನು ಲ್ಯಾಬ್ ಪುಸ್ತಕದಲ್ಲಿ ಬರೆಯಿರಿ. ಚಿಲ್ಲರ್ ಅಂಕಿ ಒಂದು ಕಡೆ, ಸ್ಯಾಂಪಲ್ ಅಂಕಿ ಇನ್ನೊಂದು ಕಡೆ.